ಏಳು ಸೆಂಟಿಮೀಟರ್ ನೆಪುತ ಮೀನು: ಕೊನೆಗೂ ಕೈ ಹಿಡಿದ ದಾರಿ

"ಪುಟ್ಟ ಮೀನಿನ ದೀಪ ಮಾಡೋಕೆ ಕಾಗದಕ್ಕೆ ಮೊದಲೇ ಬಣ್ಣ ಹಾಕಿ ಆಮೇಲೆ ಗೂಡಿಗೆ ಅಂಟಿಸ್ತೀನಿ" ಅಂದಾಗ, ಇಲ್ಲಿ ಜಪಾನಿನ ಹಿರೋಸಾಕಿಯಲ್ಲಿ ನನಗೆ ವಾಶಿ ಅನ್ನುವ ಜಪಾನಿ ಕಾಗದ ಮಾರುವ ಅಜ್ಜ ನಕ್ಕುಬಿಟ್ಟರು. "ಮುರಿ, ಮುರಿ" ಅಂದರು. ಜಪಾನಿಯಲ್ಲಿ ಅದಕ್ಕೆ ಆಗಲ್ಲ ಅಂತ ಅರ್ಥ. ಕನ್ನಡದ ಅರ್ಥದಲ್ಲೂ ಅವರ ಮಾತು ನಿಜವಾಯಿತು ಬಿಡಿ. ಮೊದಲ ತಿಂಗಳಲ್ಲಿ ನಲವತ್ತು ಬಿದಿರು ಕಡ್ಡಿಗಳಾದರೂ ಮುರಿದಿರಬೇಕು.

ಆಗಸ್ಟ್ 1ರಿಂದ 7ರವರೆಗೆ ಇಲ್ಲಿ ನೆಪುತ ಹಬ್ಬ. ಬೀಸಣಿಗೆಯಾಕಾರದ ದೊಡ್ಡ ದೀಪದ ತೇರುಗಳು ಹೋಗುವಾಗ, ಮಕ್ಕಳ ಕೈಯಲ್ಲಿ ಕೆಂಪು ಮೀನಿನ ಪುಟ್ಟ ದೀಪ ಇರುತ್ತದೆ. ಅದೇ ಕಿಂಗ್ಯೊ ನೆಪುತ, ಅಂದರೆ ಚಿನ್ನದ ಮೀನಿನ ನೆಪುತ. ನಾನು ಮಾಡುವುದು ಅದನ್ನೇ, ಏಳು ಸೆಂಟಿಮೀಟರಿನಲ್ಲಿ. ತ್ಸುಗಾರು ನಿಶಿಕಿ ಅನ್ನುವ ಇಲ್ಲಿನದೇ ಚಿನ್ನದ ಮೀನಿನ ತಳಿ ಇದಕ್ಕೆ ಮಾದರಿ. ಆ ಮೀನಿಗೆ ಬೆನ್ನಿನ ರೆಕ್ಕೆ ಇಲ್ಲ. ನನಗೆ ಒಂದು ಕೆಲಸ ಕಡಿಮೆಯಾಯಿತು. ನಮ್ಮೂರ ಕಡೆ ಗೂಡುದೀಪ ಕಟ್ಟಿದವರಿಗೆ ಕಡ್ಡಿ, ದಾರ, ಅಂಟಿನ ವಿಷಯ ನಾನೇನು ಹೇಳೋದು?

ಇಲ್ಲಿನ ವಾಡಿಕೆಯ ಕ್ರಮ ಹೀಗೆ. ಗೂಡಿಗೆ ಕಾಗದ ಅಂಟಿಸಿ, ಮಸಿಯಲ್ಲಿ ಗೆರೆ ಬರೆದು, ಕರಗಿಸಿದ ಮೇಣ ಎಳೆದು, ಕೊನೆಗೆ ಬಣ್ಣ. ಮೇಣ ಬಣ್ಣ ಹರಡದಂತೆ ತಡೆಯುತ್ತದೆ. ಒಳಗೆ ದೀಪ ಹಚ್ಚಿದಾಗ ಆ ಗೆರೆಗಳೇ ಹೆಚ್ಚು ಹೊಳೆಯುತ್ತವೆ. ದೊಡ್ಡ ಮೀನಿಗೆ ಇದು ಸರಿ. ಏಳು ಸೆಂಟಿಮೀಟರಿನದಕ್ಕೆ ಕುಂಚ ಒತ್ತಿದರೆ ಹೊಟ್ಟೆಯೇ ಒಳಗೆ ಹೋಗುತ್ತದೆ. ಹಾಗಾಗಿ ನಾನು ಕ್ರಮ ತಿರುಗಿಸಿದೆ.

ತಿರುಗಿಸಿದ ಮೇಲೆ ಶುರುವಾಯಿತು ನೋಡಿ ಕಷ್ಟ. ಅಂಟಿನ ನೀರು ತಾಗಿದ ಕೂಡಲೇ ಕೆಂಪು ಕರಗಿ ಹರಿಯಿತು. ಮೇಣ ಇದ್ದ ಕಡೆ ಅಂಟು ಹಿಡಿಯಲೇ ಇಲ್ಲ. ಬಿದಿರು ಬಿಟ್ಟು ಸಾದಾ ಕಬ್ಬಿಣದ ತಂತಿಗೆ ಹೋದೆ, ಎರಡೇ ವಾರಕ್ಕೆ ತುಕ್ಕಿನ ಕಲೆ ಹೊರಗೆ ಬಂತು. ಚಳಿಗಾಲದಲ್ಲಿ ಬೇಗ ಒಣಗಲಿ ಅಂತ ಸೀಮೆಎಣ್ಣೆ ಹೀಟರ್ ಮುಂದೆ ಇಟ್ಟೆ. ಕಾಗದ ಬಿಗಿದುಕೊಂಡು ಒಂಬತ್ತು ಮೀನುಗಳ ಸೊಂಟ ತಿರುಚಿತು. ಆ ಹೊತ್ತಿಗೆ ಹದಿನೆಂಟು ಸಾವಿರ ಯೆನ್ ಹತ್ತಿರ ಹೋಗಿತ್ತು. "ಅಂಗಡಿಯಲ್ಲೇ ತಗೋಬಹುದಿತ್ತಲ್ವಾ?" ಅಂತ ಹೆಂಡತಿ ಕೇಳಿದಳು. ಸುಮ್ನೆ ಇದ್ದೆ.

ದಾರಿ ತೋರಿಸಿದ್ದು ಪಟಿಕ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ. ಪಟಿಕವನ್ನೂ ಪ್ರಾಣಿಜನ್ಯ ಅಂಟನ್ನೂ ನೀರಿನಲ್ಲಿ ಕರಗಿಸಿ ಕಾಗದಕ್ಕೆ ಸವರುವುದು ಇಲ್ಲಿನ ಚಿತ್ರಕಾರರ ಹಳೇ ಪದ್ಧತಿ. ಹೆಸರು ದೋಸಾ. ನಮ್ಮ ದೋಸೆ ಅಲ್ಲ! ಸವರಿ ಒಣಗಿಸಿದ ಕಾಗದದಲ್ಲಿ ಬಣ್ಣ ಕದಲುವುದಿಲ್ಲ. ಅಳತೆ ಮಾತ್ರ ಕೇಳಬೇಡಿ, ಅದಕ್ಕೆ ಒಂದು ಚಳಿಗಾಲವೇ ಹೋಗಿದೆ. ಇನ್ನು ಮೇಣ. ಅಂಚಿನಲ್ಲಿ ಎರಡು ಮಿಲಿಮೀಟರ್ ಮೇಣವಿಲ್ಲದೆ ಖಾಲಿ ಬಿಟ್ಟು ಅಂಟಿಸಿ, ಎರಡು ತುಂಡು ಸೇರುವ ಕಡೆ ಹುರುಪೆಯ ಗೆರೆ ಬರುವಂತೆ ಕತ್ತರಿಸುತ್ತೇನೆ. ಬೆಸುಗೆ ಆ ಗೆರೆಯಲ್ಲೇ ಅಡಗುತ್ತದೆ. ಗೂಡಿಗೆ ಈಗ ಹೂಗುಚ್ಛದವರು ಬಳಸುವ, ಕಾಗದ ಸುತ್ತಿದ ತಂತಿ. ಮೇಣ ಎಳೆಯುವ ಸಾಧನ ನಾನೇ ಮಾಡಿಕೊಂಡಿದ್ದು, ಅದರ ಕಥೆ ಇನ್ನೊಮ್ಮೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮಳೆಗಾಲದಲ್ಲಿ ಮೈದಾ ಅಂಟಿಗೆ ಬೂಷ್ಟು ಬರುತ್ತಿತ್ತು. ಊರಲ್ಲಿ ಪೋಸ್ಟರ್ ಅಂಟಿಗೆ ಮೈಲುತುತ್ತ ಹಾಕ್ತಾರಲ್ವಾ, ನಾನೂ ಚಿಟಿಕೆ ಹಾಕಿದೆ. ಬೂಷ್ಟು ನಿಂತಿತು, ಮೀನಿನ ಬಿಳಿ ಹೊಟ್ಟೆ ಹಸಿರಾಯಿತು. ಯಾಮಾಗುಚಿ ಪ್ರಾಂತ್ಯದ ಯನಾಯಿ ಊರಲ್ಲೂ ಇಂಥದೇ ಮೀನಿನ ದೀಪ ಇದೆ, ಇಲ್ಲಿನದನ್ನು ನೋಡಿಯೇ ಮಾಡಿದ್ದು ಅಂತ ಹೇಳ್ತಾರೆ. ಅದರ ದುಂಡು ಕಣ್ಣನ್ನೂ ಹಾಕಿ ನೋಡಿದೆ. ಏಳು ಸೆಂಟಿಮೀಟರಿನಲ್ಲಿ ಗೂಬೆ ಥರ ಕಂಡಿತು.

ಈಗ ಸಾಮಾನಿನ ಖರ್ಚು ಮೀನಿಗೆ 220 ಯೆನ್ ಆಸುಪಾಸು, ಬಟನ್ ಸೆಲ್ ಮತ್ತು ಎಲ್‌ಇಡಿ ಸೇರಿ. ಮೂರು ಗಂಟೆ ಕೆಲಸ. 1,500ಕ್ಕೆ ಕೊಡುತ್ತೇನೆ, ಕೂಲಿ ಲೆಕ್ಕ ಹಾಕಿದರೆ ಅಳು ಬರುತ್ತದೆ.

ಕಳೆದ ತಿಂಗಳು ಅಜ್ಜನಿಗೆ ಒಂದು ಕೊಟ್ಟೆ. ಕನ್ನಡಕ ಏರಿಸಿ ಬೆಸುಗೆ ಹುಡುಕಿದರು, ಸಿಗಲಿಲ್ಲ. ಮಾತೇ ಆಡದೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟರು. ಮರುದಿನ ಫೋನ್ ಮಾಡಿ, ಹಬ್ಬಕ್ಕೆ ಮೊದಲು ಐವತ್ತು ಬೇಕು ಅಂದರು. ಮೂವತ್ತಕ್ಕೆ ಇನ್ನೂ ಬಾಲ ಆಗಿಲ್ಲ.