ಒಂದೇ ದರ್ವಾಜಾ ಸಾಕೆಂದು ಹಟ ಹಿಡಿದೆ

ರಾಯಚೂರು ಕೋಟೆಗೆ ಐದನೆಯ ತರಗತಿಯ ಮಕ್ಕಳನ್ನು ಮೂರು ವರ್ಷ ಕರೆದುಕೊಂಡು ಹೋದೆ. ಎರಡು ವರ್ಷ ಸೋತೆ, ಮೂರನೆಯ ವರ್ಷ ಕೈಗೂಡಿತು.

ಮೊದಲ ವರ್ಷ ಎರಡು ಕ್ರೂಸರ್ ಮಾಡಿಸಿದ್ದೆ. ಬಾಡಿಗೆಗೇ 4,500 ರೂಪಾಯಿ ಹೋಯಿತು. ಹೊರಕೋಟೆಯ ಮೆಕ್ಕಾ, ನೌರಂಗಿ, ಕಾಟಿ, ಖಂದಕ್, ದೊಡ್ಡಿ, ಒಳಕೋಟೆಯ ಸೈಲಾನಿ, ಸಿಕಂದರಿ, ಎಲ್ಲ ದರ್ವಾಜಾಗಳನ್ನೂ ಒಂದೇ ದಿನದಲ್ಲಿ ತೋರಿಸುವ ಆಸೆ. ಅದೂ ಮಾರ್ಚ್ ತಿಂಗಳಲ್ಲಿ! ಮೂರನೆಯ ಬಾಗಿಲು ಮುಟ್ಟುವಷ್ಟರಲ್ಲಿ ಇಬ್ಬರು ವಾಂತಿ ಮಾಡಿಕೊಂಡರು. ಮರುದಿನ ಏನು ನೋಡಿದಿರಿ ಎಂದು ಕೇಳಿದರೆ ಹೆಚ್ಚಿನವರು ಬರೆದದ್ದು ಐಸ್‌ಕ್ಯಾಂಡಿಯ ಬಗ್ಗೆ.

ಎರಡನೆಯ ವರ್ಷ ಪಾಠವನ್ನೇ ಅಲ್ಲಿಗೆ ಒಯ್ದೆ. 1520ರ ಯುದ್ಧ, ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್‌ಶಾಹ, ಎಲ್ಲವನ್ನೂ ಬಾಗಿಲ ಮುಂದೆಯೇ ನಿಂತು ಹೇಳಿದೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ಒಬ್ಬರೂ ಕತ್ತೆತ್ತಿ ಕಲ್ಲು ನೋಡಲಿಲ್ಲ. ಆ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯ ವರ್ಷ ನೌರಂಗಿ ದರ್ವಾಜಾ ಒಂದೇ ಸಾಕು ಎಂದೆ. "ಒಂದು ಬಾಗಿಲು ನೋಡಲು ಅರ್ಧ ದಿನವೇ, ಮೇಡಂ?" ಎಂದು ಸಹೋದ್ಯೋಗಿಗಳು ಕೇಳಿದರು. ಮುಖ್ಯ ಗುರುಗಳಿಗೂ ನಂಬಿಕೆ ಇರಲಿಲ್ಲ. ಡಿಸೆಂಬರ್‌ನಲ್ಲಿ, ಬೆಳಗಿನ ಏಳರ ಬಸ್ಸಿಗೆ ಹೊರಟೆವು. ಶಕ್ತಿ ಯೋಜನೆಯಿಂದ ಹುಡುಗಿಯರಿಗೂ ನನಗೂ ಟಿಕೆಟ್ ಖರ್ಚಿಲ್ಲ. ಹುಡುಗರ ಟಿಕೆಟ್ಟಿಗೆ 400ರ ಆಸುಪಾಸು, ಸೂಸಲಾ ಮಿರ್ಚಿಗೆ 700, ಹಗ್ಗಕ್ಕೆ 80. ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಬಂದವು.

ಹೋಗುವ ಹಿಂದಿನ ವಾರ ಶಾಲೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎರಡು ದಾರಿ ಎಳೆದಿದ್ದೆ, ಒಂದು ನೇರ, ಇನ್ನೊಂದು ಎರಡು ಸಲ ತಿರುಗುವಂಥದ್ದು. ನಾಲ್ವರು ಸೇರಿ ಒಂದು ಆನೆಯಾಗಿ ಬಾಗಿಲಿಗೆ ಗುದ್ದಬೇಕು. ತಿರುವಿನ ದಾರಿಯಲ್ಲಿ ಆನೆಗೆ ಓಟವೇ ಸಿಗಲಿಲ್ಲ. ಕೋಟೆ ಕಟ್ಟುವವರು ಬಾಗಿಲ ಮುಂದೆ ದಾರಿಯನ್ನು ಏಕೆ ತಿರುಗಿಸುತ್ತಿದ್ದರು ಎಂಬುದನ್ನು ನಾನು ಬಾಯಿಬಿಟ್ಟು ಹೇಳುವ ಪ್ರಮೇಯ ಬರಲಿಲ್ಲ.

ದರ್ವಾಜಾದಲ್ಲಿ ನಾಲ್ಕು ನಾಲ್ಕು ಮಕ್ಕಳ ಗುಂಪು, ಗುಂಪಿಗೊಂದು ಕೆಲಸ. ಒಂದು ಗುಂಪು ಅಗಲ ಅಳೆಯಬೇಕು, ಒಂದು ಗುಂಪು ಅಗಳಿ ಎಲ್ಲಿ ಕೂರುತ್ತಿತ್ತೆಂದು ಹುಡುಕಬೇಕು, ಒಂದು ಗುಂಪು ಕೆತ್ತನೆ ಎಣಿಸಬೇಕು. ಯಾರನ್ನು ಯಾರ ಜೊತೆ ಹಾಕಿದೆ ಎಂಬುದೇ ಇದರ ಜೀವಾಳ. ಅದನ್ನು ಇಲ್ಲಿ ಬರೆಯುವುದಿಲ್ಲ, ಹನ್ನೊಂದು ವರ್ಷದ ಗಳಿಕೆ ಅದು. ಮುಕ್ಕಾಲು ಗಂಟೆ ನಾನು ಒಂದು ಮಾತೂ ಆಡಲಿಲ್ಲ. ಕೊನೆಗೆ ಕೆತ್ತನೆಯ ಗುಂಪಿನ ಹುಡುಗಿ ಓಡಿ ಬಂದು ನನ್ನ ಸೆರಗು ಹಿಡಿದು ಎಳೆದಳು. ಹಾವಿನ ಸುರುಳಿಯ ಮೇಲೆ ಕುಳಿತ, ತಲೆಯ ಮೇಲೆ ಐದು ಹೆಡೆಯ ನಾಗರಾಜನನ್ನು ಅವಳೇ ಕಂಡುಹಿಡಿದಿದ್ದಳು.

ಕೆತ್ತನೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿ ಉಜ್ಜಿಸಲು ಹೊರಟಾಗ ಅಲ್ಲಿದ್ದ ಹಿರಿಯರೊಬ್ಬರು ತಡೆದರು. ಅವರು ತಡೆದದ್ದೇ ಸರಿ, ಹಳೆಯ ಕಲ್ಲಿಗೆ ಅದು ಒಳ್ಳೆಯದಲ್ಲ. ಆ ಪ್ರಯೋಗವನ್ನು ಶಾಲೆಯಲ್ಲಿ ಬೀಸುಕಲ್ಲಿನ ಮೇಲೆ ಮಾಡಿಸಿದೆ, ಚೆನ್ನಾಗಿಯೇ ಬಂತು.

ಮರಳುವಾಗ ಒಳಕೋಟೆಯ ಪಶ್ಚಿಮ ಗೋಡೆಯ ದೊಡ್ಡ ಶಾಸನದ ಕಲ್ಲಿಗೆ ಹೋದೆವು. ನನ್ನ ಹಗ್ಗ 30 ಅಡಿಯದು, ಸಾಲಲಿಲ್ಲ. ಗೋಡೆಯ ಬುಡದಲ್ಲಿ ಎರಡು ಸಲ ಹಿಡಿದು, ಕಣ್ಣಳತೆಯಲ್ಲಿ ಲೆಕ್ಕ ಹಾಕಿದಾಗ 41 ಅಡಿಯ ಹತ್ತಿರ ಬಂತು. ಶಾಲೆಯಲ್ಲಿ ಅಷ್ಟೇ ಉದ್ದದ ಗೆರೆ ಎಳೆದು ಮಕ್ಕಳನ್ನು ಸಾಲಾಗಿ ಮಲಗಿಸಿದೆ. ಹತ್ತನೆಯವಳ ಪಾದ ಗೆರೆಯನ್ನು ದಾಟಿತು. ಇಷ್ಟು ದೊಡ್ಡ ಕಲ್ಲನ್ನು ತಂದವರು ಯಾರು, ಹೇಗೆ ಎಂದು ಅವರೇ ಕೇಳಿದ ಮೇಲಷ್ಟೇ 1294 ಎಂದು ಹಲಗೆಯ ಮೇಲೆ ಬರೆದೆ. ಕಾಕತೀಯರ ದಂಡನಾಯಕ ಗೋರೆ ಗಂಗಯ್ಯನ ಹೆಸರು ಹೇಳಿದೆ, ಸಾಲು ಸಾಲು ಕೋಣಗಳು ಬಂಡಿಯಲ್ಲಿ ಕಲ್ಲು ಎಳೆಯುವ ಆ ಗೋಡೆಯ ಚಿತ್ರವನ್ನು ನೆನಪಿಸಿದೆ.

ಎರಡು ದಿನ ಬಿಟ್ಟು ಒಬ್ಬ ಹುಡುಗನ ತಂದೆ ಹತ್ತಿ ಬಿಡಿಸುವ ಕೆಲಸದ ನಡುವೆ ಶಾಲೆಗೆ ಬಂದರು. "ಆ ಕೋಣಗಳ ಚಿತ್ರ ಎಲ್ಲಿದೆ, ಟೀಚರ್? ರಾಯಚೂರಿಗೆ ಎಷ್ಟೋ ಸಲ ಹೋಗಿದ್ದೇನೆ, ನಾನು ನೋಡೇ ಇಲ್ಲ" ಎಂದರು. ಮಗನನ್ನೇ ಕರೆದುಕೊಂಡು ಹೋಗಿ, ಅವನು ತೋರಿಸುತ್ತಾನೆ ಎಂದೆ.

ಈ ಡಿಸೆಂಬರ್‌ಗೆ ಕಾಟಿ ದರ್ವಾಜಾ. 50 ಅಡಿಯ ಹಗ್ಗವನ್ನು ಈಗಲೇ ತಂದಿಟ್ಟಿದ್ದೇನೆ.