ಸ್ನೆಕರ್‌ಸ್ಟೆನ್ ದಡದಲ್ಲಿ ಒಂದು ಹಗ್ಗ

ಕೋಪನ್‌ಹೇಗನ್‌ನಲ್ಲಿದ್ದೀನಿ ಅಂದ ಮೇಲೆ ಬೇಸಿಗೆಗೆ ಊರಿಂದ ನೆಂಟರು ಬರೋದು ತಪ್ಪಿದ್ದಲ್ಲ. ಮತ್ಸ್ಯಕನ್ಯೆಯ ಪ್ರತಿಮೆ ತೋರಿಸಿದೆ. ನಮ್ಮ ಮಾವ ಎರಡು ನಿಮಿಷ ನೋಡಿ, "ಇಷ್ಟೇನಾ?" ಅಂದರು. ಅವತ್ತು ಸುಮ್ನೆ ರೈಲು ಹತ್ತಿಸಿ ಹೆಲ್ಸಿಂಗೋರ್‌ಗೆ ಕರಕೊಂಡು ಹೋದೆ. ದಾರಿಯಲ್ಲಿ, 1943ರಲ್ಲಿ ಡೆನ್ಮಾರ್ಕಿನ ಯಹೂದಿಗಳು ದೋಣಿಯಲ್ಲಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋದ ಕತೆ ಹೇಳಿದೆ. ಮುಂದಿನ ವರ್ಷ ಅವರ ಸ್ನೇಹಿತರು ಬಂದಾಗ ಅದೇ ಬೇಕು ಅಂದರು. ಹಾಗೆ ಶುರುವಾದ ಈ ಕನ್ನಡದ ನಡಿಗೆಯನ್ನ ಈಗ ವರ್ಷಕ್ಕೆ ನಾಲ್ಕೈದು ಸಲ ಮಾಡ್ತೀನಿ. ದುಡ್ಡು ತಗೊಳ್ಳಲ್ಲ. ಊಟ ಅವರವರದೇ, ಹಾಗಾಗಿ ಚಪಾತಿ, ಚಟ್ನಿಪುಡಿಗೆ ಮಾತ್ರ ಕೊರತೆಯಿಲ್ಲ.

ಹಿನ್ನೆಲೆಯನ್ನ ರೈಲಲ್ಲೇ ಮುಗಿಸ್ತೀನಿ. 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿತು. ಮೂರು ವರ್ಷ ಇಲ್ಲಿನ ಸರ್ಕಾರ ಹೇಗೋ ಹೊಂದಿಕೊಂಡು ನಡೆಯಿತು. 1943ರ ಆಗಸ್ಟ್ ಕೊನೆಗೆ ಅದೂ ಮುರಿದುಬಿತ್ತು. ಸೆಪ್ಟೆಂಬರ್ 28ಕ್ಕೆ ಡುಕ್ವಿಟ್ಜ್ ಅನ್ನೋ ಜರ್ಮನ್ ಅಧಿಕಾರಿಯೇ ಡೆನ್ಮಾರ್ಕಿನ ನಾಯಕ ಹೆಡ್‌ಟಾಫ್ಟ್‌ಗೆ ಗುಟ್ಟು ಹೇಳಿದ: ಯಹೂದಿಗಳನ್ನ ಹಿಡಿಯೋಕೆ ದಿನ ನಿಗದಿಯಾಗಿದೆ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಬಂದವರಿಗೆ ಯಹೂದಿ ಧರ್ಮಗುರು ರಬ್ಬಿ ಮೆಲ್ಕಿಯೋರ್, ಮನೆಯಲ್ಲಿ ಇರಬೇಡಿ, ಗೊತ್ತಿದ್ದವರಿಗೆಲ್ಲ ಹೇಳಿ ಅಂದರು. ಅಕ್ಟೋಬರ್ 1ರ ರಾತ್ರಿ ಬಾಗಿಲು ಬಡಿದಾಗ ಹೆಚ್ಚಿನ ಮನೆಗಳು ಖಾಲಿ. ಮುಂದೆ ಕೆಲವೇ ವಾರಗಳಲ್ಲಿ ಸುಮಾರು 7,200 ಯಹೂದಿಗಳು, ಅವರ ಜೊತೆ 700ರಷ್ಟು ಯಹೂದಿಗಳಲ್ಲದ ಬಂಧುಗಳು ಓರೆಸುಂಡ್ ಜಲಸಂಧಿ ದಾಟಿ ಸ್ವೀಡನ್ ಸೇರಿದರು.

ಮೊದಲ ವರ್ಷ ಒಂದು ತಪ್ಪು ಮಾಡಿದ್ದೆ. ಯಹೂದಿಗಳು ಹಳದಿ ನಕ್ಷತ್ರ ಧರಿಸಬೇಕು ಅಂತ ಆಜ್ಞೆ ಬಂದಾಗ ಡೆನ್ಮಾರ್ಕಿನ ರಾಜ ತಾನೇ ಒಂದನ್ನ ಧರಿಸಿ ಕುದುರೆ ಮೇಲೆ ಬಂದ ಅಂತ ರಂಗಾಗಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಜೊತೆ ಬಂದಿದ್ದವರ ಡ್ಯಾನಿಶ್ ಸೊಸೆ ಆಮೇಲೆ ಪಕ್ಕಕ್ಕೆ ಕರೆದು, ಅಂಥ ಆಜ್ಞೆಯೇ ಡೆನ್ಮಾರ್ಕಿನಲ್ಲಿ ಬಂದಿರಲಿಲ್ಲ ಅಂದಳು. ಕಿವಿ ಬಿಸಿಯಾಯಿತು. ಮನೆಗೆ ಬಂದು ಓದಿದೆ, ಅವಳೇ ಸರಿ. ಅವತ್ತಿಂದ ಚಪ್ಪಾಳೆ ಬರೋ ಜಾಗ ಬಂದರೆ ಮೊದಲು ನನಗೇ ಅನುಮಾನ.

ದೋಣಿಯ ದುಡ್ಡಿನ ವಿಷಯವನ್ನೂ ಮೊದಲು ನುಂಗಿಬಿಡ್ತಿದ್ದೆ. ಎಲ್ಲರೂ ಪುಕ್ಕಟೆ ದಾಟಿಸಲಿಲ್ಲ. ಒಬ್ಬೊಬ್ಬರಿಗೆ ಸರಾಸರಿ ಸಾವಿರ ಕ್ರೋನರ್ ಆಗ್ತಿತ್ತು ಅಂತಾರೆ. ಕೂಲಿ ಮಾಡೋನಿಗೆ ತಿಂಗಳ ಸಂಬಳಕ್ಕಿಂತ ಜಾಸ್ತಿ. ಇಲ್ಲದವರಿಗೆ ಬೇರೆಯವರು ಚಂದಾ ಎತ್ತಿ ಕೊಟ್ಟರು. ಇದನ್ನ ಹೇಳಿದಾಗ ಒಬ್ಬರು ಮುಖ ಹುಳಿ ಮಾಡಿಕೊಂಡು, "ಹಾಗಾದ್ರೆ ವ್ಯಾಪಾರ ಅಲ್ವಾ?" ಅಂದರು. ಆ ಗುಂಪಲ್ಲಿ ಮಲ್ಪೆ ಕಡೆಯ ಹಿರಿಯರೊಬ್ಬರಿದ್ದರು. "ಜರ್ಮನ್ನರು ಬೋಟ್ ಹಿಡಿದುಕೊಂಡು ಹೋದರೆ ಆ ಮೀನುಗಾರನ ಮನೆ ಮುಳುಗಿತು. ಸಾಲ ಯಾರು ತೀರಿಸೋದು ಮಾರಾಯ್ರೆ?" ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಈಗ ಎರಡೂ ಮಾತು ಹೇಳ್ತೀನಿ. ಹೆಚ್ಚು ಕಿತ್ತುಕೊಂಡವರೂ ಇದ್ದರು, ಒಂದು ಕಾಸೂ ಮುಟ್ಟದವರೂ ಇದ್ದರು.

ಹೆಲ್ಸಿಂಗೋರ್‌ನಲ್ಲಿ ಸಮುದ್ರ ಸುಮಾರು 4 ಕಿಲೋಮೀಟರ್ ಅಗಲ ಅಷ್ಟೇ. ಎದುರಿಗೆ ಸ್ವೀಡನ್ನಿನ ಮನೆಗಳು ಕಾಣ್ತವೆ. ಇಲ್ಲಿ 'ಹೊಲಿಗೆ ಕ್ಲಬ್' ಅನ್ನೋ ಗುಂಪಿನ ಬಗ್ಗೆ ಹೇಳೋದು ನನಗೆ ಇಷ್ಟ. ಹೆಸರು ಕೇಳಿ ಹೆಂಗಸರು ನಗ್ತಾರೆ. ಅದರಲ್ಲಿದ್ದವರು ಪುಸ್ತಕಕ್ಕೆ ಬೈಂಡ್ ಹಾಕೋ ಎರ್ಲಿಂಗ್ ಕೇರ್, ಒಬ್ಬ ಪತ್ರಕರ್ತ, ಒಬ್ಬ ಗುಮಾಸ್ತ, ಒಬ್ಬ ಪತ್ತೇದಾರಿ ಪೊಲೀಸ್. ಸೂಜಿ ದಾರ ಯಾರೂ ಮುಟ್ಟಲಿಲ್ಲ, ಸಾವಿರಕ್ಕೂ ಹೆಚ್ಚು ಜನರನ್ನ ದಾಟಿಸಿದರು. ಕೇರ್ 1944ರಲ್ಲಿ ಸಿಕ್ಕಿಬಿದ್ದ, ಬದುಕಿ ವಾಪಸ್ ಬಂದ. ಪಕ್ಕದ ಸ್ನೆಕರ್‌ಸ್ಟೆನ್‌ನಲ್ಲಿ ಓಡಿಬಂದವರಿಗೆ ತನ್ನ ವಸತಿಗೃಹದಲ್ಲಿ ಜಾಗ ಕೊಟ್ಟ ಹೆನ್ರಿ ಥಾಮ್ಸನ್ ವಾಪಸ್ ಬರಲಿಲ್ಲ. ನಾಜಿಗಳ ನೊಯೆನ್‌ಗಾಮೆ ಸೆರೆಶಿಬಿರದಲ್ಲಿ 1944ರಲ್ಲೇ ತೀರಿಕೊಂಡ.

ಸ್ನೆಕರ್‌ಸ್ಟೆನ್ ದಡದಲ್ಲಿ ಬ್ಯಾಗಿಂದ ಹಗ್ಗ ತೆಗೀತೀನಿ. ಬಟ್ಟೆ ಒಣಗಿಸೋ ನೈಲಾನ್ ಹಗ್ಗ. ನೆಲದ ಮೇಲೆ ಉದ್ದ ಮೂರು ಹೆಜ್ಜೆ, ಅಗಲ ಎರಡು ಹೆಜ್ಜೆ ಹಾಸ್ತೀನಿ. ಮೀನು ದೋಣಿಯ ಡೆಕ್ ಕೆಳಗಿನ ಜಾಗ ಅಂದುಕೊಳ್ಳಿ, ಅಳತೆ ನನ್ನದೇ ಅಂದಾಜು ಅಂತೀನಿ. ಹನ್ನೆರಡು ಜನ ಕೂತ್ಕೊಳ್ಳಿ. ಮೊದಲು ನಗು, ಫೋಟೋ. ಐದು ನಿಮಿಷಕ್ಕೆ ಮಂಡಿ ನೋವು ಅಂತ ಒಬ್ಬರು, ಯಾರದೋ ಮೊಣಕೈ ತಾಗ್ತಿದೆ ಅಂತ ಇನ್ನೊಬ್ಬರು. ಆಗ ಹೇಳ್ತೀನಿ: ಅಳೋ ಮಕ್ಕಳಿಗೆ ಡಾಕ್ಟರು ನಿದ್ದೆಯ ಔಷಧಿ ಕೊಡ್ತಿದ್ದರು. ವಾಸನೆ ಹಿಡಿಯೋ ನಾಯಿಗಳನ್ನ ಮೋಸ ಮಾಡೋಕೆ ಒಣಗಿದ ರಕ್ತ, ಕೊಕೇನ್ ಬೆರೆಸಿದ ಪುಡಿಯನ್ನ ಕರವಸ್ತ್ರಕ್ಕೆ ಹಾಕ್ತಿದ್ದರು.

ಒಂದು ಸಲ ಮಡಿಲಲ್ಲಿ ಮಗು ಇಟ್ಟುಕೊಂಡಿದ್ದ ಹುಡುಗಿ ಕೇಳಿದಳು: "ಅಣ್ಣ, ಔಷಧಿ ಜಾಸ್ತಿ ಆದ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಮಗುವಿನ ಟೋಪಿ ಸರಿ ಮಾಡಿ ಸುಮ್ಮನಾದಳು.

ಹೊತ್ತಿದ್ದರೆ ಕೊನೆಗೆ ಗಿಲೆಲೈಯ. ಸಣ್ಣ ರೈಲು, ಬೀಚಿನ ಊರುಗಳ ಮಧ್ಯೆ ಹೋಗುತ್ತೆ. ಆ ಮೀನುಗಾರರ ಊರಿಂದ ನೂರಾರು ಜನ ದಾಟಿದರು. ಅಲ್ಲಿನ ಚರ್ಚಿನ ಅಟ್ಟದಲ್ಲಿ ಬಚ್ಚಿಟ್ಟುಕೊಂಡಿದ್ದವರು ಮಾತ್ರ ದಾಟಲಿಲ್ಲ. ಅಕ್ಟೋಬರ್ 6ರ ರಾತ್ರಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಸುತ್ತುವರಿಯಿತು, ಸುಮಾರು 80 ಜನ ಸಿಕ್ಕಿಬಿದ್ದರು. ಡೆನ್ಮಾರ್ಕಿನಿಂದ ತೆರೆಸಿಯನ್‌ಸ್ಟಾಟ್ ಶಿಬಿರಕ್ಕೆ ಹೋದವರು ಒಟ್ಟು 470ರ ಆಸುಪಾಸು. ಈ ಚರ್ಚನ್ನ ಬಿಡಿ, ಟೂರ್ ಬೇಜಾರಾಗಿ ಮುಗಿಯುತ್ತೆ ಅಂತ ಗೆಳೆಯರು ಹೇಳಿದ್ದುಂಟು. ನಾನು ಬಿಟ್ಟಿಲ್ಲ. ಒಳಗೆ ನಿಂತು ಅಟ್ಟದ ಕಡೆ ಬೆರಳು ತೋರಿಸ್ತೀನಿ ಅಷ್ಟೇ, ಭಾಷಣ ಮಾಡಲ್ಲ.

ಹೊಸಬರು ಯಾರಾದರೂ ಇಂಥ ನಡಿಗೆ ಮಾಡೋದಾದರೆ ಅಕ್ಟೋಬರ್‌ನಲ್ಲೇ ಮಾಡಿ. ಜುಲೈನಲ್ಲಿ ಎಲ್ಲರ ಕೈಲೂ ಐಸ್‌ಕ್ರೀಮ್ ಇರುತ್ತೆ, ಸಮುದ್ರ ಈಜುಕೊಳದ ಹಾಗೆ ಕಾಣುತ್ತೆ. ಅಕ್ಟೋಬರ್ ಸಂಜೆ ಆರೂವರೆಗೆ ಕತ್ತಲು, ಗಾಳಿ ಮುಖಕ್ಕೆ ಹೊಡೆಯುತ್ತೆ, ಎದುರು ದಡದಲ್ಲಿ ದೀಪ. 1943ರಲ್ಲಿ ಡೆನ್ಮಾರ್ಕಿನ ಕಡೆ ದೀಪ ಹಚ್ಚೋ ಹಾಗಿರಲಿಲ್ಲ, ಅಲ್ಲಿ ಮಾತ್ರ ಬೆಳಕು. ಕಳೆದ ಸಲ ಮಳೆ ಶುರುವಾಗಿ ಹಗ್ಗ ನೆನೆದು ಭಾರವಾಯಿತು. ಮಲ್ಪೆಯ ಹಿರಿಯರು ಮತ್ತೆ ಬಂದಿದ್ದರು. ನಾನು ಬ್ಯಾಗಿಗೆ ತುರುಕೋದು ನೋಡಿ, "ಹಾಗಲ್ಲ, ಕೊಡಿ ಇಲ್ಲಿ" ಅಂತ ಕಿತ್ತುಕೊಂಡು, ಮೊಣಕೈಗೆ ಸುತ್ತಿ ಸುತ್ತಿ ಗಂಟು ಹಾಕಿ ಕೊಟ್ಟರು.