ಟೈಪ್ ನಿಬಂಧನೆಗೆ ಪಾರ್ಸರ್ ಬರೆಯುವುದು ಹೇಗೆ?

ಪರ್ಲ್‌ನಂಥ ಡೈನಾಮಿಕ್ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ವೇರಿಯಬಲ್‌ಗೆ ಇಂಥದ್ದೇ ಟೈಪ್ (ಸಂಖ್ಯೆ, ಪಠ್ಯ ಮುಂತಾದ ಬಗೆ) ಎಂಬ ಕಟ್ಟುಪಾಡಿಲ್ಲ. ಬೇಕೆಂದವರು ಅದನ್ನು ಲೈಬ್ರರಿಯಿಂದ ತಂದುಕೊಳ್ಳುತ್ತಾರೆ. ಪರ್ಲ್‌ನ ಮೂಸ್ ಲೈಬ್ರರಿಯಲ್ಲಿ ಈ ನಿಬಂಧನೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ರೂಪದಲ್ಲೇ ಬರೆಯಬಹುದು: ‘ಅರೇರೆಫ್[ಇಂಟ್|ಹ್ಯಾಶ್‌ರೆಫ್]|ಅನ್‌ಡೆಫ್’. ಅರೇ (ಸಾಲುಪಟ್ಟಿ) ಇರಬೇಕು, ಅದರೊಳಗೆ ಪೂರ್ಣಾಂಕಗಳೋ ಹ್ಯಾಶ್‌ಗಳೋ (ಕೀಲಿ-ಬೆಲೆ ಜೋಡಿಗಳ ಪಟ್ಟಿ) ಇರಬೇಕು. ಇಲ್ಲವೇ ಬೆಲೆಯೇ (ವ್ಯಾಲ್ಯೂ) ಇರಬಾರದು ಎಂದು ಇದರ ಅರ್ಥ. ಇಂಥ ಸ್ಟ್ರಿಂಗನ್ನು ಓದಿ ಅದರ ರಚನೆಯನ್ನು ಬಿಡಿಸುವ ಕೋಡನ್ನು, ಅಂದರೆ ಪಾರ್ಸರ್ ಅನ್ನು, ನೀವೇ ಬರೆಯಬಹುದು.

‘|’ ಕಂಡಲ್ಲೆಲ್ಲ ಕತ್ತರಿಸುವ ಆಸೆ ಮೊದಲು ಹುಟ್ಟುತ್ತದೆ. ಅದು ಬೇಡ. ‘ಅರೇರೆಫ್[ಇಂಟ್’ ಎಂಬ ಅರೆಬರೆ ತುಂಡು ಕೈಗೆ ಬರುತ್ತದೆ, ಅದು ಯಾವ ಟೈಪೂ ಅಲ್ಲ.

ಮೊದಲು ಸ್ಟ್ರಿಂಗನ್ನು ಟೋಕನ್‌ಗಳಾಗಿ, ಅಂದರೆ ಅರ್ಥವಿರುವ ಚಿಕ್ಕ ತುಂಡುಗಳಾಗಿ, ಒಡೆಯಿರಿ: ಹೆಸರು, ‘[’, ‘]’, ‘|’. ಖಾಲಿ ಜಾಗವನ್ನು ಇಲ್ಲೇ ಬಿಟ್ಟುಬಿಡಿ. ಪ್ರತಿ ಟೋಕನ್ ಎಷ್ಟನೆಯ ಅಕ್ಷರದಲ್ಲಿತ್ತು ಎಂಬುದನ್ನು ಮಾತ್ರ ತಪ್ಪದೆ ಬರೆದಿಡಿ. ತಪ್ಪು ಎಲ್ಲಿದೆ ಎಂದು ತೋರಿಸದೆ ‘ತಪ್ಪು ನಿಬಂಧನೆ’ ಎಂದಷ್ಟೇ ಹೇಳಿ ಸುಮ್ಮನಾಗುವ ಪಾರ್ಸರ್ ಯಾರಿಗೂ ಬೇಡ.

ಬಳಿಕ ಎರಡು ಫಂಕ್ಷನ್ ಸಾಕು. ‘ಘಟಕ’ ಒಂದು ಹೆಸರನ್ನು ಓದುತ್ತದೆ. ಮುಂದೆ ‘[’ ಇದ್ದರೆ ಒಳಗಿನದನ್ನು ಓದಲು ‘ಒಕ್ಕೂಟ’ವನ್ನು ಕರೆದು, ಅದು ಮುಗಿದ ಮೇಲೆ ‘]’ ಇದೆಯೇ ಎಂದು ನೋಡುತ್ತದೆ. ‘ಒಕ್ಕೂಟ’ ಮೊದಲು ‘ಘಟಕ’ವನ್ನು ಕರೆಯುತ್ತದೆ, ಮುಂದೆ ‘|’ ಸಿಗುತ್ತಿರುವಷ್ಟು ಸಲವೂ ಮತ್ತೆ ಮತ್ತೆ ಕರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಹೊರಗಿನ ‘ಒಕ್ಕೂಟ’ ‘ಘಟಕ’ವನ್ನು ಕರೆಯಿತು, ಅದು ‘ಅರೇರೆಫ್’ ಓದಿ ‘[’ ಕಂಡು ಹೊಸದೊಂದು ‘ಒಕ್ಕೂಟ’ವನ್ನು ಕರೆಯಿತು. ಒಳಗಿನ ‘|’ ಆ ಹೊಸ ಕರೆಯ ಪಾಲು, ‘]’ ಬಂದೊಡನೆ ಅದರ ಕೆಲಸ ಮುಗಿಯಿತು. ಕೊನೆಯ ‘|’ ಹೊರಗಿನದರ ಪಾಲು. ಆವರಣಗಳು ಎಷ್ಟು ಆಳಕ್ಕೆ ಹೋದರೂ ಲೆಕ್ಕವಿಡಲು ಬೇರೆ ಕೋಡ್ ಬೇಕಿಲ್ಲ. ಎರಡೂ ಫಂಕ್ಷನ್‌ಗಳು ತಾವು ಓದಿದ್ದನ್ನು ಕವಲೊಡೆಯುವ ಮರದ (ಟ್ರೀ) ಗಂಟುಗಳಾಗಿ (ನೋಡ್) ಹಿಂದಿರುಗಿಸಲಿ.

ಹಲವರು ಮರೆಯುವ ಹೆಜ್ಜೆಯೊಂದಿದೆ: ಎಲ್ಲ ಮುಗಿದ ಮೇಲೆ ಟೋಕನ್ ಉಳಿದಿದೆಯೇ ಎಂದು ನೋಡಬೇಕು. ನೋಡದಿದ್ದರೆ ‘ಇಂಟ್]’ ಎಂಬುದು ‘ಇಂಟ್’ ಎಂದೇ ಪಾಸಾಗುತ್ತದೆ.

ಮರ ಸಿದ್ಧವಾದ ಮೇಲೆ ಪ್ರತಿ ಗಂಟನ್ನೂ ಪರೀಕ್ಷಿಸುವ ಫಂಕ್ಷನ್ ಆಗಿ ಬದಲಿಸಿ, ಮೂಲ ಸ್ಟ್ರಿಂಗನ್ನೇ ಕೀಲಿಯಾಗಿಸಿ ಹ್ಯಾಶ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಬಾರಿ ಬೆಲೆ ಬಂದಾಗ ಮತ್ತೆ ಪಾರ್ಸ್ ಮಾಡುವುದು ದಂಡ.

ಗೊತ್ತಿಲ್ಲದ ಹೆಸರು ಬಂದರೆ? ಮೂಸ್ ಅದನ್ನು ಕ್ಲಾಸ್‌ನ ಹೆಸರೆಂದು ಭಾವಿಸುತ್ತದೆ. ಹೀಗಾಗಿ ‘ಇಂಟ್’ ಬರೆಯಲು ಹೋಗಿ ಒಂದಕ್ಷರ ಆಚೀಚೆಯಾದರೂ ಪಾರ್ಸರ್ ತುಟಿ ಬಿಚ್ಚುವುದಿಲ್ಲ. ಮೊದಲ ಬೆಲೆ ಬಂದಾಗಲೇ ದೂರು ಶುರು. ನಿಮ್ಮ ಪಾರ್ಸರ್‌ನಲ್ಲಿ ಅಪರಿಚಿತ ಹೆಸರಿಗೆ ಅಲ್ಲಿಯೇ ದೋಷ ತೋರಿಸಿ. ಕ್ಲಾಸ್ ಬೇಕಾದವರು ಮೊದಲೇ ನೋಂದಾಯಿಸಲಿ.